ಹೊಲದ ಹಿಂದಿನ ಲೆಕ್ಕ: ಹಳೆಯ ದಫ್ತರ ಮತ್ತು ಗ್ರಂಥಾಲಯಗಳಿಂದ ರೈತರಿಗೆ ದೊರೆಯುವ ಮಾಹಿತಿ

ಹುಬ್ಬಳ್ಳಿಯ ದುರ್ಗದಬೈಲಿಗೆ ಕಾಯಿಪಲ್ಯೆ, ಹಣ್ಣು, ಹೂವು ತರುವ ರೈತರಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದುರ್ಗದ ಬಯಲು, ಎಂದರೆ ಕೋಟೆಯ ಬಯಲು. ಸವಣೂರು ನವಾಬರ ಕಾಲದಲ್ಲಿ ವರ್ತಕ ಬಸಪ್ಪ ಶೆಟ್ಟರು ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದ್ದು ಈ ಬಯಲಿನ ಸುತ್ತ. ಕೋಟೆ ಹೋಯಿತು, ಪೇಟೆ ಉಳಿಯಿತು. ಬೈಲಿನ ಹೆಸರಿನಲ್ಲಿ ಕೋಟೆ ಉಳಿದಿರುವಂತೆ, ಈ ಪೇಟೆಗೆ ಮಾಲು ಕಳಿಸುವ ಸುತ್ತಲಿನ ಹಳ್ಳಿಗಳ ಹೊಲಗಳ ಹಿಂದಿನ ಸಂಗತಿಯೂ ಎಲ್ಲಿಯೋ ಒಂದು ಕಡೆ ಬರಹದಲ್ಲಿ ಉಳಿದಿದೆ. ಅದನ್ನು ಹುಡುಕುವ ಕೆಲಸ ಪಂಡಿತರಿಗೆ ಮಾತ್ರ ಸೇರಿದ್ದೆಂಬ ಭಾವನೆ ಸರಿಯಲ್ಲ.

ವಿಸ್ತರಣಾ ಕಾರ್ಯಕರ್ತರನ್ನು ರೈತರು ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಇತಿಹಾಸದ ಪ್ರಶ್ನೆಗಳೇ ಆಗಿರುತ್ತವೆ. ಈ ಎರೆ ಹೊಲದಲ್ಲಿ ಮೊದಲು ಎಷ್ಟು ಆಳ ಮಣ್ಣಿತ್ತು? ಹತ್ತು ವರ್ಷಗಳಲ್ಲಿ ಎಷ್ಟು ಸಲ ಉತ್ತರಿ, ಹಸ್ತ ಮಳೆ ಕೈಕೊಟ್ಟಿವೆ? ಹೈಬ್ರಿಡ್ ಹತ್ತಿ ಬರುವ ಮುಂಚೆ ಇಲ್ಲಿ ಯಾವ ಹತ್ತಿ ಬರುತ್ತಿತ್ತು? ಇವಕ್ಕೆ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಉತ್ತರವಿರುವುದಿಲ್ಲ. ಹಿರಿಯರ ನೆನಪು ಐವತ್ತು, ಅರವತ್ತು ವರ್ಷ ಹಿಂದಕ್ಕೆ ಹೋಗಬಹುದು. ಅದರಾಚೆಗೆ ಕಾಗದವೇ ಗತಿ.

ಮೊದಲು ನೋಡಬೇಕಾದದ್ದು ತಾಲೂಕಿನ ದಫ್ತರ

ಇತಿಹಾಸವೆಂದೊಡನೆ ದೊಡ್ಡ ಗ್ರಂಥಾಲಯಕ್ಕೆ ಓಡುವುದು ರೂಢಿ. ರೈತನಿಗೆ ಅತಿ ಹತ್ತಿರದ ಪತ್ರಾಗಾರ ತಹಸೀಲ್ದಾರ ಕಚೇರಿಯ ದಾಖಲೆ ಕೋಣೆ ಮತ್ತು ಭೂದಾಖಲೆಗಳ ಕಚೇರಿ. ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆದ್ದರಿಂದ ಇಲ್ಲಿಯ ಹಳೆಯ ಗ್ರಾಮ ಲೆಕ್ಕಗಳು ಮುಂಬಯಿ ಪದ್ಧತಿಯವು. ವಯಸ್ಸಾದವರು ಇಂದಿಗೂ ಪಹಣಿಗೆ 'ಏಳು-ಹನ್ನೆರಡು' ಎನ್ನುವುದುಂಟು. ಏಳನೆಯ ನಮೂನೆ ಹಕ್ಕಿನದು, ಹನ್ನೆರಡನೆಯದು ಬೆಳೆಯದು. ಹನ್ನೆರಡನೆಯ ನಮೂನೆಯ ಹಳೆಯ ಪುಸ್ತಕಗಳು ಉಳಿದಿದ್ದರೆ, ಒಂದು ಸರ್ವೇ ನಂಬರಿನಲ್ಲಿ ವರ್ಷ ವರ್ಷ ಏನು ಬೆಳೆದರೆಂಬುದನ್ನು ಸಾಲಾಗಿ ಬರೆದುಕೊಳ್ಳಬಹುದು. ಗಣಕೀಕೃತ 'ಭೂಮಿ' ಪಹಣಿ ಬಂದದ್ದು ಸುಮಾರು 2000ದಿಂದ ಈಚೆಗೆ. ಅದಕ್ಕಿಂತ ಹಿಂದಿನದಕ್ಕೆ ಕೈಬರಹದ ಪಹಣಿಯ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಯೋಜನೆ 2024ರಲ್ಲಿ ಆರಂಭವಾದುದರಿಂದ ಈ ಕೆಲಸ ಮುಂಚಿಗಿಂತ ಸುಲಭವಾಗುತ್ತಲಿದೆ.

ಪಹಣಿಗಿಂತಲೂ ಹಳೆಯದು, ಬೇಸಾಯಗಾರನಿಗೆ ಅದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು, ಮೊದಲ ಸರ್ವೇ ಕಾಲದ ಮಣ್ಣಿನ ವರ್ಗೀಕರಣ. 1840ರ ದಶಕದಲ್ಲಿ ಕ್ಯಾಪ್ಟನ್ ವಿಂಗೇಟ್ ಎಂಬ ಅಧಿಕಾರಿಯ ಕೈಕೆಳಗೆ ಧಾರವಾಡ ಜಿಲ್ಲೆಯ ಅಳತೆ, ಆಕಾರಗಳ ಕೆಲಸ ನಡೆಯಿತು. ಇದರ ನಿಯಮಗಳನ್ನು ಗೋಲ್ಡ್‌ಸ್ಮಿಡ್, ವಿಂಗೇಟ್ ಮತ್ತು ಡೇವಿಡ್‌ಸನ್ ಸೇರಿ ಬರೆದ 1847ರ ಜಂಟಿ ವರದಿಯಲ್ಲಿ ಕಾಣಬಹುದು. ಹೊಲದ ನಕಾಶೆಯನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿಯೂ ಮಣ್ಣನ್ನು ಅಗೆದು ನೋಡಿ, ಮಣ್ಣಿನ ಜಾತಿ, ಅದರ ಆಳ ಮತ್ತು ದೋಷಗಳನ್ನು ಗುರುತಿಸುತ್ತಿದ್ದರು. ಸುಣ್ಣದ ಹರಳು, ಮರಳು, ಇಳಿಜಾರು, ನೀರು ಇಂಗದಿರುವುದು, ಜವುಳು, ಇಂಥ ಒಂದೊಂದು ದೋಷಕ್ಕೂ ಒಂದೊಂದು ಚಿಹ್ನೆ. ಒಂದು ದೋಷ ಕಂಡರೆ ಮಣ್ಣು ಒಂದು ವರ್ಗ ಕೆಳಗಿಳಿಯುತ್ತಿತ್ತು. ಒಟ್ಟು ಒಂಬತ್ತು ವರ್ಗಗಳು. ಉತ್ತಮ ಎರೆ ಮಣ್ಣು ಒಂದೂ ಮುಕ್ಕಾಲು ಮೊಳ ಅಥವಾ ಹೆಚ್ಚು ಆಳವಿದ್ದು ದೋಷವಿಲ್ಲದಿದ್ದರೆ ಅದಕ್ಕೆ 16 ಆಣೆ.

ಇದು ತೆರಿಗೆಗಾಗಿ ಮಾಡಿದ ಕೆಲಸ, ನಿಜ. ಆದರೆ ಅದರಿಂದ ಇಂದಿನ ರೈತನಿಗೆ ದೊರೆಯುವುದು 180 ವರ್ಷಗಳ ಹಿಂದಿನ ಮಣ್ಣಿನ ಆಳದ ನಕಾಶೆ.

ಉದಾಹರಣೆಗೆ ಒಂದು ಎರೆ ಹೊಲ ಮೊದಲ ಸರ್ವೇಯಲ್ಲಿ 16 ಆಣೆಯದೆಂದು ದಾಖಲಾಗಿದೆ ಎಂದಿಟ್ಟುಕೊಳ್ಳೋಣ. ಮೊಳಕ್ಕೆ 18 ಅಂಗುಲದಂತೆ ಲೆಕ್ಕ ಹಾಕಿದರೆ ಆಗ ಅಲ್ಲಿ ಕನಿಷ್ಠ 31 ಅಂಗುಲ ಮಣ್ಣಿತ್ತು. ಈಗ ಅದೇ ಹೊಲದಲ್ಲಿ ಎಂಟು, ಹತ್ತು ಕಡೆ ಅಗೆದು ನೋಡಿದಾಗ ಸರಾಸರಿ 20 ಅಂಗುಲಕ್ಕೆ ಗರಸು ಸಿಕ್ಕರೆ, 11 ಅಂಗುಲದಷ್ಟು ಮಣ್ಣು ಕೊಚ್ಚಿಹೋಗಿದೆ ಎಂದೇ ತಿಳಿಯಬೇಕು. ಒಂದು ಎಕರೆಯಲ್ಲಿ ಒಂದು ಅಂಗುಲ ಮಣ್ಣೆಂದರೆ ಸುಮಾರು 130 ಟನ್. ಎರೆ ಮಣ್ಣು ಪ್ರತಿ ಅಡಿ ಆಳಕ್ಕೆ ಬೆಳೆಗೆ ಒದಗುವ ನೀರನ್ನು ಸುಮಾರು ಎರಡು ಅಂಗುಲದಷ್ಟು ಹಿಡಿದಿಡುತ್ತದೆ. ಆದ್ದರಿಂದ 11 ಅಂಗುಲ ಮಣ್ಣು ಹೋದ ಹೊಲ 45 ಮಿಲಿಮೀಟರಿನಷ್ಟು ನೀರಿನ ಉಗ್ರಾಣವನ್ನು ಕಳೆದುಕೊಂಡಿರುತ್ತದೆ. ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬಿಗಳು ಬದುಕುವುದೇ ಈ ಉಗ್ರಾಣದ ಮೇಲೆ. 'ಅಜ್ಜನ ಕಾಲದಲ್ಲಿ ಮಳಿ ಹೋದರೂ ಜ್ವಾಳ ಬರ್ತಿತ್ತು' ಎಂಬ ಮಾತಿನಲ್ಲಿ ಮಳೆಯ ದೋಷವೆಷ್ಟು, ಮಣ್ಣಿನ ದೋಷವೆಷ್ಟು ಎಂಬುದು ಇಲ್ಲಿ ತಿಳಿಯುತ್ತದೆ. ಯಾವ ಮಗ್ಗುಲಲ್ಲಿ ಒಡ್ಡು ಗಟ್ಟಿ ಮಾಡಬೇಕೆಂಬುದೂ ತಿಳಿಯುತ್ತದೆ.

ಇದನ್ನು ಬಳಸುವಾಗ ಎರಡು ಎಚ್ಚರಿಕೆಗಳು ಅವಶ್ಯ. ಹಳೆಯ ಸರ್ವೇ ನಂಬರುಗಳು ಮುಂದೆ ಹಿಸ್ಸೆಗಳಾಗಿ ಒಡೆದಿರುತ್ತವೆ; ಟಿಪ್ಪಣಿ, ನಕಾಶೆಗಳನ್ನು ಹಿಡಿದು ತನ್ನ ಪಾಲು ಯಾವ ಚೌಕಕ್ಕೆ ಬೀಳುತ್ತದೆಂದು ಮೊದಲು ನಿಶ್ಚಯಿಸಬೇಕು. ಎರಡನೆಯದಾಗಿ, ವರ್ಗೀಕರಣದ ಮೂಲ ಪುಸ್ತಕಗಳು ಎಲ್ಲ ಗ್ರಾಮಗಳಿಗೂ ಉಳಿದಿರುವುದಿಲ್ಲ. ಅವು ಸಿಗದಿದ್ದಲ್ಲಿ ಆಕಾರಬಂದಿನಲ್ಲಿರುವ ಎಕರೆವಾರು ಆಕಾರದ ದರವನ್ನು ನೆರೆಯ ಹೊಲಗಳ ದರದೊಂದಿಗೆ ಹೋಲಿಸಿ, ಯಾವುದು ಮೇಲು, ಯಾವುದು ಕೀಳು ಎಂಬಷ್ಟನ್ನಾದರೂ ಊಹಿಸಬಹುದು.

ಗ್ಯಾಜೆಟಿಯರನ್ನು ಓದುವ ಬಗೆ

ಜಿಲ್ಲೆಯ ಒಟ್ಟು ಚಿತ್ರಕ್ಕೆ ಮುಂಬಯಿ ಪ್ರಾಂತದ ಗ್ಯಾಜೆಟಿಯರಿನ 22ನೆಯ ಸಂಪುಟವನ್ನು ನೋಡಬೇಕು. ಇದು ಧಾರವಾಡ ಜಿಲ್ಲೆಯನ್ನು ಕುರಿತದ್ದು, ಜೇಮ್ಸ್ ಕ್ಯಾಂಪ್‌ಬೆಲ್ಲರ ಸಂಪಾದಕತ್ವದಲ್ಲಿ 1884ರಲ್ಲಿ ಪ್ರಕಟವಾಯಿತು. ಮಣ್ಣು, ಬೇಸಾಯದ ಮುಟ್ಟುಗಳು, ಬೆಳೆಗಳು, ಕೆರೆಗಳು, ಬರಗಾಲಗಳು, ಮಳೆಯ ಅಂಕಿಗಳು, ಸಂತೆಗಳು, ಎಲ್ಲವೂ ಇದರಲ್ಲಿವೆ. ಭಾಷೆ ಇಂಗ್ಲಿಷ್ ಆದರೂ ಕೂರಿಗೆ, ಕುಂಟೆಗಳಂಥ ಹೆಸರುಗಳನ್ನು ಇದ್ದಂತೆಯೇ ಬರೆದಿರುವುದರಿಂದ ಊರಿನ ಶಿಕ್ಷಕರ ನೆರವಿನಿಂದ ಓದಿಸಿಕೊಳ್ಳಲು ಕಷ್ಟವಿಲ್ಲ. ಈಗ ಅಂತರಜಾಲದಲ್ಲಿಯೂ ಉಚಿತವಾಗಿ ಸಿಗುತ್ತದೆ. ಮೈಸೂರು ರಾಜ್ಯದ ಕಾಲದಲ್ಲಿ 1959ರಲ್ಲಿ ಬಂದ ಧಾರವಾಡ ಜಿಲ್ಲಾ ಗ್ಯಾಜೆಟಿಯರನ್ನು ಅದರ ಪಕ್ಕದಲ್ಲಿಟ್ಟುಕೊಂಡು ಓದಿದರೆ 75 ವರ್ಷಗಳ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಎರಡರಲ್ಲಿಯೂ 'ಧಾರವಾಡ ಜಿಲ್ಲೆ' ಎಂದರೆ 1997ರಲ್ಲಿ ಬೇರೆಯಾದ ಗದಗ, ಹಾವೇರಿಗಳನ್ನೂ ಒಳಗೊಂಡ ಹಳೆಯ ಜಿಲ್ಲೆ ಎಂಬುದನ್ನು ಮರೆತರೆ ಎಕರೆಯ ಅಂಕಿಗಳೆಲ್ಲ ತಪ್ಪಾಗುತ್ತವೆ.

ಕುಂದಗೋಳದ ರೈತರು ಈ ಸಂಪುಟದಲ್ಲಿ ತಮ್ಮ ಊರಿನ ವಿವರ ಹುಡುಕಿ ನಿರಾಶರಾಗುವುದುಂಟು. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜಕ್ಕೆ ಸೇರಿದ್ದವು. ದಕ್ಷಿಣ ಮರಾಠಾ ಜಹಗೀರುಗಳ ಸಂಗತಿ 1886ರ ಕೊಲ್ಹಾಪುರ ಸಂಪುಟದಲ್ಲಿದೆ, ಅದು 24ನೆಯದು.

ಗ್ಯಾಜೆಟಿಯರ್ ಬರೆದವರು ಅಧಿಕಾರಿಗಳು. ಸರಕಾರದ ಕೆಲಸ ಚೆನ್ನಾಗಿ ನಡೆಯಿತೆಂದು ಹೇಳುವ ಒಲವು ಅವರಿಗೆ ಸಹಜ. ಆದ್ದರಿಂದ ಜರಡಿ ಹಿಡಿದು ಓದಬೇಕು. ಹುಬ್ಬಳ್ಳಿ ಭಾಗದ ಹತ್ತಿಯ ಕಥೆ ಇದಕ್ಕೆ ತಕ್ಕ ಉದಾಹರಣೆ.

ಕುಸುಗಲ್ಲಿನಿಂದ ವರಲಕ್ಷ್ಮಿಯವರೆಗೆ

ಹುಬ್ಬಳ್ಳಿ ಸೀಮೆಯ ಮೂಲ ಹತ್ತಿಯನ್ನು ಹಳೆಯ ಕಾಗದಗಳಲ್ಲಿ 'ಕುಮಟಾ' ಎಂದು ಕರೆದಿದ್ದಾರೆ. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ವ್ಯಾಪಾರಸ್ಥರು ಆ ಹೆಸರಿಟ್ಟರು. 1880ರ ದಶಕದಲ್ಲಿ ರೈಲು ಬಂದು ದಾರಿ ಬದಲಾದರೂ ಹೆಸರು ಬದಲಾಗಲಿಲ್ಲ. ದಾಖಲೆಯಲ್ಲಿರುವ ಹೆಸರು ಬೆಳೆಯುವ ಊರಿನದೋ ಮಾರುವ ಊರಿನದೋ ಎಂದು ಯಾವಾಗಲೂ ಕೇಳಿಕೊಳ್ಳಬೇಕೆಂಬುದಕ್ಕೆ ಇದೊಂದು ನಿದರ್ಶನ.

1840ರ ದಶಕದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿ, ಈಸ್ಟ್ ಇಂಡಿಯಾ ಕಂಪನಿ ಅಮೇರಿಕದಿಂದ ಹತ್ತಿ ಬೇಸಾಯಗಾರರನ್ನು ಕರೆಸಿತು. ಅವರಲ್ಲೊಬ್ಬನಾದ ಮರ್ಸರ್ ಎಂಬಾತ ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನ ಪ್ರಯೋಗ ಕ್ಷೇತ್ರದಲ್ಲಿ ನ್ಯೂ ಆರ್ಲಿಯನ್ಸ್ ಹತ್ತಿಯನ್ನು ಬೆಳೆಸಿದನು. ಆಗಿನ ಧಾರವಾಡದ ಕಲೆಕ್ಟರ್ ಶಾ ರೈತರಲ್ಲಿ ಈ ಬೀಜ ಹರಡಲು ಬಹಳ ಉತ್ಸಾಹ ತೋರಿದನು. ಬೇರೆ ಜಿಲ್ಲೆಗಳಲ್ಲಿ ಸೋತ ಅಮೇರಿಕನ್ ಹತ್ತಿ ಇಲ್ಲಿ ನಿಂತಿತು. ಮುಂಗಾರಿನ ಬಾಲಕ್ಕೆ ಹಿಂಗಾರಿನ ಮಳೆಯೂ ಈ ಜಿಲ್ಲೆಗೆ ದೊರೆಯುವುದು ಅದಕ್ಕೆ ಮುಖ್ಯ ಕಾರಣ. 1860ರ ದಶಕದ ಆರಂಭದ ವೇಳೆಗೆ 'ಧಾರವಾಡ ಅಮೇರಿಕನ್' ಎಂಬ ಹೆಸರಿನ ಈ ಹತ್ತಿಯ ಕ್ಷೇತ್ರ ಲಕ್ಷ ಎಕರೆ ದಾಟಿತ್ತು.

ಇಷ್ಟನ್ನು ಓದಿ ನಿಲ್ಲಿಸಿದರೆ ಸರಕಾರಿ ಕ್ಷೇತ್ರವೇ ರೈತನಿಗೆ ಹತ್ತಿ ಬೆಳೆಯಲು ಕಲಿಸಿತು ಎಂಬ ಅಭಿಪ್ರಾಯ ಮೂಡುತ್ತದೆ. ಮರ್ಸರನೇ ಸರಕಾರಕ್ಕೆ ತಿಳಿಸಿದ ಅಭಿಪ್ರಾಯ ಬೇರೆ. ಪ್ರಯೋಗ ಕ್ಷೇತ್ರಗಳಿಂದ ಆಗುವುದು ವ್ಯರ್ಥ ವೆಚ್ಚ, ಅಮೇರಿಕದ ಬೇಸಾಯ ಕ್ರಮ ಈ ದೇಶಕ್ಕೆ ಹೊಂದುವುದಿಲ್ಲ, ಇಲ್ಲಿಯ ಹವೆಯನ್ನೂ ಮಣ್ಣಿನ ಗುಣವನ್ನೂ ಬಲ್ಲ ಇಲ್ಲಿಯ ರೈತರೇ ಯುರೋಪಿನವರಿಗಿಂತ ಉತ್ತಮವಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲರು ಎಂಬುದು ಆತನ ಮಾತಿನ ಸಾರ. ತನ್ನ ಉದ್ಯೋಗಕ್ಕೇ ಸಂಚಕಾರ ತರುವ ಮಾತನ್ನು ಬರೆದು ಕಳಿಸಿದವನನ್ನು ನಂಬುವುದು ಲೇಸು. ಈ ಹತ್ತಿ ಪ್ರಯೋಗಗಳ ವಿವರಗಳು ರಾಯ್ಲ್ ಬರೆದ 1851ರ ಪುಸ್ತಕದಲ್ಲಿ, ಮುಂಬಯಿ ಪ್ರಾಂತದ ಹತ್ತಿಯ ಬಗ್ಗೆ ಕ್ಯಾಸೆಲ್ಸ್ ಬರೆದ 1862ರ ಪುಸ್ತಕದಲ್ಲಿ ಇವೆ. ಇಂಗ್ಲೆಂಡಿನ ಪಾರ್ಲಿಮೆಂಟು 1848ರಲ್ಲಿ ಭಾರತದ ಹತ್ತಿಯ ಬಗ್ಗೆ ನೇಮಿಸಿದ ಸಮಿತಿಯ ವರದಿಯನ್ನೂ ನೋಡಬಹುದು. ಹಳೆಯ ಪುಸ್ತಕಗಳಾದ್ದರಿಂದ ಇವುಗಳ ಸ್ಕ್ಯಾನ್ ಪ್ರತಿಗಳು ಅಂತರಜಾಲದಲ್ಲಿ ದೊರೆಯುತ್ತವೆ.

ಮುಂದಿನ ಕಥೆ ಅಷ್ಟು ಸರಳವಲ್ಲ. ದೇಶೀ ಹತ್ತಿಯ ಅರಳೆಯನ್ನು ಕಾಳಿನಿಂದ ಬಿಡಿಸಲು ಮನೆಯ ಉರುಳೆ ಸಾಲುತ್ತಿತ್ತು. ಅಮೇರಿಕನ್ ಹತ್ತಿಯ ಅರಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಗರಗಸದ ಜಿನ್ನು ಬೇಕಾಯಿತು. ಜಿನ್ನಿನಲ್ಲಿ ಎರಡೂ ಜಾತಿಯ ಹತ್ತಿ ಬೆರೆತು, ಬೀಜವೂ ಬೆರೆತು, ತಳಿ ಕೆಡುತ್ತ ಬಂತು. ಅಮೇರಿಕದ ಅಂತರ್ಯುದ್ಧದಿಂದ (1861-65) ಬೆಲೆ ಏರಿದಾಗ ಪೇಟೆಯಲ್ಲಿ ಕಲಬೆರಕೆ ಎಷ್ಟು ಹೆಚ್ಚಿತೆಂದರೆ 1863ರಲ್ಲಿ ಮುಂಬಯಿ ಸರಕಾರ ಅದನ್ನು ತಡೆಯಲು ಕಾಯಿದೆಯನ್ನೇ ಮಾಡಬೇಕಾಯಿತು. ಕಲಬೆರಕೆಯ ದೋಷವನ್ನು ಅಂದಿನ ವರದಿಗಳು ರೈತನ ತಲೆಗೆ ಕಟ್ಟಲು ಹಿಂಜರಿಯುವುದಿಲ್ಲ. ಆದರೆ ರೈತನಿಗೂ ಬಂದರಿಗೂ ನಡುವೆ ಎಷ್ಟು ಕೈಗಳಿದ್ದವು ಎಂಬುದನ್ನು ಅವೇ ವರದಿಗಳಿಂದ ಎಣಿಸಿಕೊಳ್ಳಬಹುದು.

ಇಪ್ಪತ್ತನೆಯ ಶತಮಾನದ ಸಂಗತಿಗೆ ಕೃಷಿ ಇಲಾಖೆಯ ಪ್ರಕಟಣೆಗಳೇ ಆಧಾರ. ಧಾರವಾಡದಲ್ಲಿ ಕುಮಟಾ ಹತ್ತಿಯ ಸುಧಾರಣೆಗಾಗಿ ದುಡಿದ ಜಿ. ಎಲ್. ಕೊಟ್ಟೂರರ ಸಂಶೋಧನಾ ಲೇಖನ 1920ರಲ್ಲಿ ಭಾರತ ಸರಕಾರದ ಕೃಷಿ ಇಲಾಖೆಯ ಸಸ್ಯಶಾಸ್ತ್ರ ಮಾಲೆಯಲ್ಲಿ ಪ್ರಕಟವಾಯಿತು. ಬೆರಕೆಯಾಗಿದ್ದ ಧಾರವಾಡ ಅಮೇರಿಕನ್ನಿನಿಂದ ಆಯ್ಕೆ ಮಾಡಿದ ತಳಿ 'ಗದಗ 1'. ಅದನ್ನು ಕಾಂಬೋಡಿಯ ಹತ್ತಿಯೊಂದಿಗೆ ಸಂಕರಿಸಿ ಪಡೆದದ್ದು 'ಲಕ್ಷ್ಮಿ'. ಲಕ್ಷ್ಮಿಯನ್ನು ತಾಯಿಯಾಗಿಟ್ಟುಕೊಂಡು, ಉದ್ದ ಎಳೆಯ ಎಸ್‌ಬಿ 289 ಇ ತಳಿಯೊಂದಿಗೆ ಸಂಕರಿಸಿ ಡಾ. ಬಿ. ಎಚ್. ಕಟರಕಿಯವರು ಧಾರವಾಡದಲ್ಲಿ 1972ರಲ್ಲಿ ನೀಡಿದ್ದೇ 'ವರಲಕ್ಷ್ಮಿ'. ಆಮೇಲೆ 1981ರಲ್ಲಿ ಡಿಸಿಎಚ್ 32 ಬಂದಿತು, 2002ರಲ್ಲಿ ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ದೊರೆಯಿತು. ಒಂದು ತಳಿಯ ವಂಶವನ್ನು ಹೀಗೆ ಹಿಂದಕ್ಕೆ ಹಿಡಿದು ಹೋದರೆ ವರಲಕ್ಷ್ಮಿಯ ತಾಯಿಯ ಕಡೆಯ ಬೇರು ಧಾರವಾಡ ಅಮೇರಿಕನ್ ಹತ್ತಿಗೆ, ಎಂದರೆ ಕುಸುಗಲ್ಲಿನ ಪ್ರಯೋಗದ ಕಾಲಕ್ಕೆ ಮುಟ್ಟುತ್ತದೆ. ಇತ್ತ ಕುಮಟಾ ಜಾತಿಯ ದೇಶೀ ಹತ್ತಿಗಳು, ಕೊನೆಗೆ ಜಯಧರವೂ, ಹೊಲದಿಂದ ಬಹುಮಟ್ಟಿಗೆ ಮರೆಯಾದವು. ನೀರಿಲ್ಲದ ಎರೆ ಹೊಲದಲ್ಲಿ ಕಡಿಮೆ ಖರ್ಚಿನಿಂದ ಬರುತ್ತಿದ್ದ ಹತ್ತಿಯನ್ನು ಮತ್ತೆ ಬೆಳೆಯಬೇಕೆನ್ನುವವರಿಗೆ, ಅದನ್ನು ಯಾವ ತಿಂಗಳು, ಎಷ್ಟು ಅಂತರಕ್ಕೆ, ಯಾವ ಬೆಳೆಯ ಜೊತೆ ಬಿತ್ತುತ್ತಿದ್ದರೆಂಬ ವಿವರ ಈಗ ಹೆಚ್ಚಾಗಿ ಸಿಗುವುದು ಇಂಥ ಹಳೆಯ ಪ್ರಕಟಣೆಗಳಲ್ಲಿಯೇ.

ಇವನ್ನು ನೋಡಲು ದುರ್ಗದಬೈಲಿನಿಂದ ಬಹಳ ದೂರ ಹೋಗಬೇಕಾಗಿಲ್ಲ. ಧಾರವಾಡದ ಎತ್ತಿನಗುಡ್ಡದಲ್ಲಿರುವ ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಸ್ಥಾಪನೆಯಾಯಿತಾದರೂ ಅಲ್ಲಿಯ ಕೃಷಿ ಕಾಲೇಜು 1947ರದು. ಗ್ರಂಥಾಲಯದ ಹಳೆಯ ವರದಿಗಳನ್ನು, ಸ್ನಾತಕೋತ್ತರ ಪ್ರಬಂಧಗಳನ್ನು ನೋಡಬಯಸುವ ರೈತರು ವಿಸ್ತರಣಾ ಕಾರ್ಯಕರ್ತರ ಮೂಲಕ ಮೊದಲೇ ತಿಳಿಸಿ ಹೋಗುವುದು ಅನುಕೂಲ. ದೇಶದ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು 'ಕೃಷಿಕೋಶ' ಎಂಬ ಅಂತರಜಾಲ ಭಂಡಾರದಲ್ಲಿಯೂ ಹುಡುಕಬಹುದು. 1926-28ರ ರಾಯಲ್ ಕೃಷಿ ಆಯೋಗದ ಮುಂಬಯಿ ಪ್ರಾಂತದ ಸಾಕ್ಷ್ಯ ಸಂಪುಟವನ್ನು ಸಿಕ್ಕಲ್ಲಿ ತಪ್ಪದೆ ನೋಡಬೇಕು. ಅಲ್ಲಿ ಪ್ರಶ್ನೆ, ಉತ್ತರ ಎರಡೂ ಅಚ್ಚಾಗಿರುವುದರಿಂದ ಅಧಿಕಾರಿ ಎಲ್ಲಿ ನುಣುಚಿಕೊಂಡನೆಂಬುದೂ ಕಾಣುತ್ತದೆ. ಪೇಟೆ ಧಾರಣೆಗಳಿಗೆ ಹುಬ್ಬಳ್ಳಿಯ ದಿನಪತ್ರಿಕೆಗಳ ಹಳೆಯ ಸಂಪುಟಗಳು ಉಪಯುಕ್ತ. ನಗರ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಬೇಕು. ಮಳೆಯ ದಿನವಾರು ಅಂಕಿಗಳು ಪುಣೆಯ ಹವಾಮಾನ ಇಲಾಖೆಯಲ್ಲಿ ಶೇಖರವಾಗಿವೆ.

ತೋಟಗಳ ಸಂಗತಿ

ಹೊಲಕ್ಕೆ ಕಂದಾಯದ ಕಾಗದ ಇರುವಂತೆ ತೋಟಕ್ಕೆ ಶಾಸನಗಳಿವೆ. ದೇವಾಲಯಕ್ಕೆ ಭೂಮಿ ಬಿಟ್ಟಾಗ ಇಷ್ಟು ಮತ್ತರು ಕೆಯ್, ಇಷ್ಟು ತೋಂಟ, ಇಷ್ಟು ಹೂದೋಂಟ ಎಂದು ಎಲ್ಲೆ ಸಹಿತ ಕೊರೆಯಿಸುತ್ತಿದ್ದರು. ಮುಂಬಯಿ ಕರ್ನಾಟಕದ ಶಾಸನಗಳು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್' ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿವೆ. ಧಾರವಾಡದಲ್ಲಿ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನಾ ಸಂಸ್ಥೆಯಲ್ಲಿ ಇವನ್ನು ಬಲ್ಲವರ ಸಹಾಯ ದೊರೆಯುತ್ತದೆ. ಮತ್ತರು ಊರಿಂದೂರಿಗೆ ಬದಲಾಗುವ ಅಳತೆ. ಅದನ್ನು ಇಷ್ಟೇ ಎಕರೆ ಎಂದು ಗುಣಿಸುವವರ ಮಾತನ್ನು ಸುಮ್ಮನೆ ಒಪ್ಪಬಾರದು. ಸುಮಾರು 1025ರ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದದ ಅಧ್ಯಾಯವೊಂದಿದೆ. ಅದು ಆ ಕಾಲದ ತಿಳುವಳಿಕೆಗೆ ಸಾಕ್ಷಿಯೇ ಹೊರತು ಈ ಭಾಗದ ತೋಟದಲ್ಲಿ ಹಾಗೆಯೇ ನಡೆಯುತ್ತಿತ್ತೆಂಬುದಕ್ಕಲ್ಲ.

ಹೊಲಗಳ ಹೆಸರನ್ನೂ ಬರೆದುಕೊಳ್ಳಬೇಕು. ಈಗ ಒಣ ಬೇಸಾಯವಿರುವ ಹೊಲಕ್ಕೆ 'ಎಲಿತೋಟ' ಎಂಬ ಹೆಸರಿದ್ದರೆ, ಅಲ್ಲಿ ಹಿಂದೆ ವೀಳ್ಯದೆಲೆಯ ಬಳ್ಳಿಯೂ ಅದಕ್ಕೆ ನೀರುಣಿಸಿದ ಬಾವಿಯೂ ಇದ್ದಿರಬಹುದು. ಹಾಳುಬಾವಿಯ ಗುರುತು ಸಿಕ್ಕರೆ ಹೆಸರು ಸುಳ್ಳಲ್ಲ.

ದೂರದ ಪತ್ರಾಗಾರಗಳು, ಓದುವ ತೊಡಕುಗಳು

ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿ ಧಾರವಾಡದಲ್ಲಿದೆ. ಕಲೆಕ್ಟರರ ಪತ್ರವ್ಯವಹಾರದ ಮುಖ್ಯ ಭಾಗ ಮುಂಬಯಿಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ, ಪೇಶವೆಯರ ಕಾಲದ ಕಾಗದಗಳು ಪುಣೆಯ ದಫ್ತರದಲ್ಲಿ, ಕಂಪನಿಯ ಕಾಗದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇವೆ. ಒಬ್ಬ ರೈತ ಅಲ್ಲಿಯತನಕ ಹೋಗಬೇಕೆಂದಿಲ್ಲ. ಊರಿನ ಹುಡುಗ ಹುಡುಗಿಯರಲ್ಲಿ ಇತಿಹಾಸ ಓದುವವರಿದ್ದರೆ ಗ್ರಾಮದ ಹೆಸರನ್ನು ಬರೆದುಕೊಟ್ಟರೆ ಸಾಕು.

ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯ ಮರಾಠಿ ಬಹಳ. ಅದನ್ನು ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಇಸವಿಯ ಬದಲು ಫಸಲಿ ವರ್ಷವಿದ್ದರೆ 590 ಕೂಡಿಸಬೇಕು. ಫಸಲಿ 1250 ಎಂದರೆ 1840-41. ಶಕ ವರ್ಷಕ್ಕೆ 78 ಕೂಡಿಸಬೇಕು. ಎಕರೆ, ಗುಂಟೆಗಳು ಸರ್ವೇಯೊಂದಿಗೆ ಬಂದವು. ಅದಕ್ಕೆ ಮುಂಚೆ ಹೊಲವನ್ನು ಕೂರಿಗೆಯಲ್ಲಿ, ಎಂದರೆ ಒಂದು ಕೂರಿಗೆ ಒಂದು ದಿನಕ್ಕೆ ಬಿತ್ತುವ ಲೆಕ್ಕದಲ್ಲಿ ಹೇಳುತ್ತಿದ್ದರು. ಎತ್ತಿನ ಕಸುವು, ಮಣ್ಣಿನ ಬಿಗಿ ನೋಡಿ ಅದು ಹೆಚ್ಚು ಕಡಿಮೆ.

ಕಾಗದ ಹೇಳದೆ ಬಿಟ್ಟ ಸಂಗತಿಗಳೂ ಬಹಳ. ಬೆಳೆ ತಪಾಸಣೆ ಹೊಲಕ್ಕೆ ಹೋಗಿಯೇ ಆಗುತ್ತಿತ್ತೆಂದು ನಂಬಲಾಗದು. ಹತ್ತು ವರ್ಷ ಸತತವಾಗಿ 'ಜೋಳ' ಎಂದೇ ಬರೆದಿದ್ದರೆ ಕೆಲವು ವರ್ಷಗಳದ್ದು ಚಾವಡಿಯಲ್ಲಿ ಕುಳಿತು ಬರೆದದ್ದಿರಬಹುದು. ಅಕ್ಕಡಿ ಸಾಲಿನ ಬೆಳೆಗಳು, ಹಿತ್ತಲಿನ ಬಳ್ಳಿಗಳು, ಹಗೇವಿನಲ್ಲಿ ಕಾಳು ಕೆಡದಂತೆ ಇಡುವ ಕ್ರಮ, ಬೀಜ ಆರಿಸುವ ಹೆಂಗಸರ ಕೈಯ ಜಾಣ್ಮೆ ತೆರಿಗೆಗೆ ಬೇಕಾಗಿರಲಿಲ್ಲ, ಆದ್ದರಿಂದ ದಾಖಲಾಗಲಿಲ್ಲ. ನವಣೆ, ಸಾವೆಗಳ ಎಷ್ಟು ಬಗೆಗಳು ಊರಿನಲ್ಲಿದ್ದವೆಂಬುದನ್ನು ಎಂಬತ್ತು ದಾಟಿದ ಅಜ್ಜಿಯರನ್ನೇ ಕೇಳಬೇಕು. ಕೇಳಿದ್ದನ್ನು ಹೇಳಿದವರ ಹೆಸರು, ಊರು, ತಾರೀಖು ಸಹಿತ ಅಂದೇ ಬರೆದಿಡಬೇಕು.

ಹಳೆಯ ಕುಲಕರ್ಣಿ, ಗೌಡ, ದೇಸಾಯಿ ಮನೆತನಗಳ ಅಟ್ಟದ ಮೇಲೆ ಇನ್ನೂ ಕಾಗದದ ಗಂಟುಗಳಿರುತ್ತವೆ. ಮನೆ ಕೆಡವಿ ಹೊಸದು ಕಟ್ಟುವಾಗ ಅವು ರದ್ದಿಗೆ ತೂಕಕ್ಕೆ ಹೋಗುವುದು ಎಲ್ಲ ಊರುಗಳಲ್ಲಿಯೂ ನಡೆದಿದೆ. ಗಂಟು ಸಿಕ್ಕಾಗ ಮೊದಲು ಅದರ ಅನುಕ್ರಮ ಕೆಡಿಸಬಾರದು. ಬಿಸಿಲಿಗೆ ಹರಡದೆ ನೆರಳಿನಲ್ಲಿ ಗಾಳಿಗೆ ಆರಿಸಬೇಕು. ಮೆದು ಕುಂಚದಿಂದ ಧೂಳು ತೆಗೆಯಬೇಕು. ಅಂಟು ಪಟ್ಟಿ ಹಚ್ಚಬಾರದು, ಲೋಹದ ಪಿನ್ನು ಚುಚ್ಚಬಾರದು. ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಮಣೆಯ ಮೇಲಿಡಬೇಕು. ಪ್ರತಿ ಹಾಳೆಯನ್ನೂ ಮೊಬೈಲ್ ಫೋನಿನಲ್ಲಿ ಹಗಲು ಬೆಳಕಿನಲ್ಲಿ ಚಿತ್ರ ತೆಗೆದು, ಊರು, ಮನೆತನ ಮತ್ತು ಗಂಟಿನ ಸಂಖ್ಯೆ ಬರೆದ ಚೀಟಿಯನ್ನು ಮೊದಲ ಚಿತ್ರದಲ್ಲಿ ಸೇರಿಸಬೇಕು. ಮನೆಯವರು ಒಪ್ಪಿದಲ್ಲಿ ಚಿತ್ರಗಳ ಒಂದು ಪ್ರತಿಯನ್ನು ಪತ್ರಾಗಾರದ ಧಾರವಾಡ ಕಚೇರಿಗೆ ಕೊಡಬಹುದು. ಮೂಲ ಕಾಗದ ಮನೆಯವರ ಬಳಿಯಲ್ಲಿಯೇ ಇರಲಿ.